ಹೃದಯದ ಒಳಗಿನಿಂದ ಹೃದಯವನ್ನು ಕಾಣುವ ಬಗೆ

ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿಯಿಂದ ಅಂಬಿಕಾನಗರದ ಕಡೆಗೆ ಹೋಗುವ ದಾರಿಯಲ್ಲಿ ಕುಳಗಿ ಎಂಬ ಚಿಕ್ಕ ಊರಿದೆ. ಸುತ್ತಲೂ ತೇಗ ಬಿದಿರುಗಳ ಕಾಡು. ಅರಣ್ಯ ಇಲಾಖೆಯ ನಿಸರ್ಗ ಶಿಬಿರವೊಂದು ಇಲ್ಲಿರುವುದರಿಂದ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಈ ಹೆಸರು ಅಪರಿಚಿತವಲ್ಲ. ಅಲ್ಲಿ ಒಂದು ರಾತ್ರಿ ತಂಗಿ ಬಂದವರು ಕಾಡಿನ ನಿಶ್ಶಬ್ದವನ್ನು ಹೊಗಳುವುದುಂಟು. ಭೌತಶಾಸ್ತ್ರದ ದೃಷ್ಟಿಯಿಂದ ಈ ಹೊಗಳಿಕೆ ಪೂರ್ತಿ ಸರಿಯಲ್ಲ. ಕತ್ತಲಾದ ಮೇಲೆ ಹುಳುಗಳನ್ನು ಬೇಟೆಯಾಡುವ ಬಾವಲಿಗಳು ಹಾರಾಡುತ್ತಿರುವಷ್ಟು ಹೊತ್ತೂ ಕೂಗುತ್ತಲೇ ಇರುತ್ತವೆ. ಆ ಕೂಗಿನ ಬಹುಭಾಗ ನಮ್ಮ ಕಿವಿಯ ಎಲ್ಲೆಯನ್ನು ಮೀರಿದ್ದು. ಆದುದರಿಂದ ನಮಗೆ ಕೇಳಿಸುವುದಿಲ್ಲ, ಅಷ್ಟೆ.

ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳವರೆಗಿನ ಧ್ವನಿಯನ್ನು ಗ್ರಹಿಸಬಲ್ಲದು. ಅದಕ್ಕೂ ಮೇಲ್ಪಟ್ಟ ಧ್ವನಿಗೆ ಶ್ರವಣಾತೀತ ಧ್ವನಿಯೆಂದು ಹೆಸರು. ಬಾವಲಿಗೆ ಕತ್ತಲಲ್ಲಿ ದಾರಿ ತಿಳಿಯಲು ಕಿವಿಯೇ ಮುಖ್ಯವೆಂಬುದು ೧೭೯೦ರ ದಶಕದಲ್ಲಿಯೇ ಇಟಲಿಯ ಸ್ಪಲಾಂಜಾನಿಯ ಮತ್ತು ಜಿನೀವಾದ ಜುರೀನನ ಪ್ರಯೋಗಗಳಿಂದ ಹೊರಪಟ್ಟಿತ್ತು. ಆದರೆ ಆ ಕಿವಿ ಕೇಳುವುದೇನನ್ನು ಎಂಬುದು ೧೯೩೮ರವರೆಗೆ ಒಗಟಾಗಿಯೇ ಉಳಿಯಿತು. ಆ ವರ್ಷ ಅಮೆರಿಕದಲ್ಲಿ ಗ್ರಿಫಿನ್ ಮತ್ತು ಪಿಯರ್ಸ್ ಎಂಬುವರು ಉಪಕರಣದ ನೆರವಿನಿಂದ ಬಾವಲಿಯ ಶ್ರವಣಾತೀತ ಕೂಗನ್ನು ಗುರುತಿಸಿದರು. ಬಾವಲಿಯು ಕೂಗಿ, ಎದುರಿನ ವಸ್ತುವಿನಿಂದ ಮರಳಿದ ಪ್ರತಿಧ್ವನಿಯನ್ನು ಕೇಳಿ, ವಸ್ತುವಿನ ದೂರವನ್ನೂ ದಿಕ್ಕನ್ನೂ ತಿಳಿಯುತ್ತದೆ.

ಈ ಲೇಖನದ ವಿಷಯ ಬಾವಲಿಯಲ್ಲ. ರೋಗಿಯ ರಕ್ತನಾಳದ ಮೂಲಕ ಹೃದಯದೊಳಕ್ಕೆ ಸಾಗಿಸುವ ತೆಳುವಾದ ಕೊಳವೆಯ, ಅಂದರೆ ಕ್ಯಾಥೆಟರಿನ, ತುದಿಯಲ್ಲಿ ಶ್ರವಣಾತೀತ ಧ್ವನಿಯ ಉಪಕರಣವನ್ನಿಟ್ಟು ಹೃದಯದ ಚಿತ್ರವನ್ನು ಪಡೆಯುವ ವಿಧಾನವನ್ನು ನಾವಿಲ್ಲಿ ವಿವರಿಸಹೊರಟಿದ್ದೇವೆ. ಆದರೂ ಬಾವಲಿಯಿಂದ ಆರಂಭಿಸಿದುದಕ್ಕೆ ಕಾರಣವುಂಟು. ಅದನ್ನು ಕಟ್ಟಿಹಾಕಿರುವ ನಿಯಮವೇ ವೈದ್ಯನನ್ನೂ ಕಟ್ಟಿಹಾಕಿದೆ. ಸೂಕ್ಷ್ಮವಾದುದನ್ನು ಕಾಣಬೇಕಾದರೆ ಸೂಕ್ಷ್ಮವಾದ ಅಲೆ ಬೇಕು. ಸೂಕ್ಷ್ಮವಾದ ಅಲೆ ದೂರ ಹೋಗಲಾರದು. ಆದುದರಿಂದ ಸೂಕ್ಷ್ಮವಾಗಿ ಕಾಣಬಯಸುವವನು ಸಮೀಪಕ್ಕೆ ಹೋಗಬೇಕು. ಈ ಮೂರು ಮಾತುಗಳಲ್ಲಿ ನಮ್ಮ ವಿಷಯದ ತಿರುಳೆಲ್ಲ ಅಡಗಿದೆ.

೧. ಅಲೆಯ ಲೆಕ್ಕ

ಅಲೆಯೊಂದರ ಎರಡು ಏರುಗಳ ನಡುವಿನ ಅಂತರವನ್ನು ತರಂಗದೂರವೆನ್ನುತ್ತೇವೆ. ಧ್ವನಿಯ ವೇಗವನ್ನು ಕಂಪನಸಂಖ್ಯೆಯಿಂದ ಭಾಗಿಸಿದರೆ ಇದು ದೊರೆಯುತ್ತದೆ. ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು ೩೪೦ ಮೀಟರು. ಬಾವಲಿಯ ಕೂಗು ಸೆಕೆಂಡಿಗೆ ೫೦,೦೦೦ ಕಂಪನಗಳದಾಗಿದ್ದರೆ ಅದರ ತರಂಗದೂರ ಸುಮಾರು ೭ ಮಿಲಿಮೀಟರು. ಒಂದು ಪತಂಗದ ಗಾತ್ರಕ್ಕೆ ಇದು ಸರಿಹೊಂದುತ್ತದೆ. ತರಂಗದೂರಕ್ಕಿಂತ ಬಹಳ ಚಿಕ್ಕದಾದ ವಿವರ ಪ್ರತಿಧ್ವನಿಯಲ್ಲಿ ಸ್ಪಷ್ಟವಾಗಿ ಮೂಡದು.

ದೇಹದ ಮೃದುಭಾಗಗಳಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು ೧,೫೪೦ ಮೀಟರು. ಎದೆಯ ಹೊರಗಿನಿಂದ ವಯಸ್ಕರ ಹೃದಯವನ್ನು ಪರೀಕ್ಷಿಸುವಾಗ ಸಾಮಾನ್ಯವಾಗಿ ಸೆಕೆಂಡಿಗೆ ೨ರಿಂದ ೪ ದಶಲಕ್ಷ ಕಂಪನಗಳ, ಎಂದರೆ ೨ರಿಂದ ೪ ಮೆಗಾಹರ್ಟ್ಸಿನ, ಧ್ವನಿಯನ್ನು ಬಳಸುತ್ತಾರೆ. ೩ ಮೆಗಾಹರ್ಟ್ಸಿಗೆ ತರಂಗದೂರ ಸುಮಾರು ಅರ್ಧ ಮಿಲಿಮೀಟರು. ೮ ಮೆಗಾಹರ್ಟ್ಸಿಗೆ ಅದು ಮಿಲಿಮೀಟರಿನ ಐದನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಿದ್ದರೆ ಯಾವಾಗಲೂ ೮ ಮೆಗಾಹರ್ಟ್ಸನ್ನೇ ಬಳಸಬಾರದೇಕೆಂಬ ಪ್ರಶ್ನೆ ವಿದ್ಯಾರ್ಥಿಗಳಲ್ಲಿ ಸಹಜವಾಗಿ ಏಳುತ್ತದೆ.

ಉತ್ತರವು ಧ್ವನಿಯ ಕ್ಷಯದಲ್ಲಿದೆ. ಮೃದುಭಾಗಗಳಲ್ಲಿ ಧ್ವನಿಯು ಪ್ರತಿ ಸೆಂಟಿಮೀಟರಿಗೆ, ಪ್ರತಿ ಮೆಗಾಹರ್ಟ್ಸಿಗೆ, ಸ್ಥೂಲವಾಗಿ ಅರ್ಧ ಡೆಸಿಬೆಲ್‌ನಷ್ಟು ಕ್ಷಯಿಸುತ್ತದೆ. ಹತ್ತು ಸೆಂಟಿಮೀಟರು ಆಳದಲ್ಲಿರುವ ಕವಾಟವೊಂದನ್ನು ಹೊರಗಿನಿಂದ ನೋಡುವಾಗ ಧ್ವನಿ ಹೋಗಿ ಬರುವ ದಾರಿ ೨೦ ಸೆಂಟಿಮೀಟರು. ೩ ಮೆಗಾಹರ್ಟ್ಸಿನ ಅಲೆಗೆ ಈ ದಾರಿಯಲ್ಲಿ ೩೦ ಡೆಸಿಬೆಲ್ ನಷ್ಟ. ಅಂದರೆ ಶಕ್ತಿಯು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ೮ ಮೆಗಾಹರ್ಟ್ಸಿನ ಅಲೆಗಾದರೋ ೮೦ ಡೆಸಿಬೆಲ್ ನಷ್ಟ; ಉಳಿಯುವುದು ಹತ್ತು ಕೋಟಿಯಲ್ಲಿ ಒಂದು ಪಾಲು. ಆದರೆ ಅದೇ ೮ ಮೆಗಾಹರ್ಟ್ಸಿನ ಉಪಕರಣವನ್ನು ಕವಾಟದಿಂದ ೩ ಸೆಂಟಿಮೀಟರು ದೂರಕ್ಕೆ ಕೊಂಡೊಯ್ದರೆ ಹೋಗಿ ಬರುವ ದಾರಿ ೬ ಸೆಂಟಿಮೀಟರು ಮಾತ್ರ, ನಷ್ಟವೂ ೨೪ ಡೆಸಿಬೆಲ್ ಮಾತ್ರ. ನಡುವೆ ಇರುವುದು ರಕ್ತವಾದರೆ ನಷ್ಟ ಇದಕ್ಕೂ ಕಡಿಮೆ. ಹೀಗೆ ಸಮೀಪಕ್ಕೆ ಹೋದ ಸೂಕ್ಷ್ಮವಾದ ಅಲೆಯು ದೂರದಲ್ಲಿ ನಿಂತ ಒರಟಾದ ಅಲೆಗಿಂತ ಕಡಿಮೆ ಕಳೆದುಕೊಂಡು ಹೆಚ್ಚು ವಿವರವನ್ನು ತರುತ್ತದೆ. ಇದರ ಮೇಲೆ ಎದೆಯ ಮೂಳೆಗಳ ಮತ್ತು ಶ್ವಾಸಕೋಶದ ಗಾಳಿಯ ತೊಡಕೂ ತಪ್ಪುತ್ತದೆ. ಇವೆರಡೂ ಶ್ರವಣಾತೀತ ಧ್ವನಿಗೆ ಗೋಡೆಯಂತೆ ಅಡ್ಡ ನಿಲ್ಲತಕ್ಕವು.

೨. ಹೊರಗಿನಿಂದ ಒಳಕ್ಕೆ

ಕೆಲವು ಹರಳುಗಳನ್ನು ಒತ್ತಿದಾಗ ವಿದ್ಯುತ್ತು ಹುಟ್ಟುತ್ತದೆಂಬುದನ್ನು ೧೮೮೦ರಲ್ಲಿ ಕ್ಯೂರಿ ಸಹೋದರರು ಕಂಡುಹಿಡಿದರು. ಹರಳಿಗೆ ವಿದ್ಯುತ್ತನ್ನು ಕೊಟ್ಟರೆ ಅದು ಕಂಪಿಸಿ ಧ್ವನಿಯನ್ನು ಹೊರಡಿಸುತ್ತದೆಂಬುದು ಇದರ ಇನ್ನೊಂದು ಮುಖ. ಹೀಗೆ ಒಂದೇ ಹರಳು ಬಾಯಿಯೂ ಆಗಬಲ್ಲದು, ಕಿವಿಯೂ ಆಗಬಲ್ಲದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಲಾಂಜವಿನ್ ಎಂಬ ಫ್ರೆಂಚ್ ವಿಜ್ಞಾನಿ ಈ ಗುಣವನ್ನು ನೀರಿನಡಿಯ ಶೋಧಕ್ಕೆ ಬಳಸಿದನು. ಮುಂದೆ ಲೋಹದ ಎರಕದೊಳಗಿನ ಬಿರುಕುಗಳನ್ನು ಪತ್ತೆಮಾಡುವ ಯಂತ್ರಗಳು ಇದೇ ತತ್ತ್ವದ ಮೇಲೆ ನಿರ್ಮಾಣವಾದವು.

ಅಂಥದೊಂದು ಯಂತ್ರವನ್ನು ಹೃದಯದ ಮೇಲೆ ಪ್ರಯೋಗಿಸಿದವರು ಸ್ವೀಡನ್ನಿನ ಲುಂಡ್ ನಗರದ ವೈದ್ಯ ಎಡ್ಲರ್ ಮತ್ತು ಭೌತಶಾಸ್ತ್ರಜ್ಞ ಕಾರ್ಲ್ ಹೆಲ್ಮುಟ್ ಹರ್ಟ್ಸ್. ೧೯೫೩ರ ಅಕ್ಟೋಬರಿನಲ್ಲಿ ಇವರಿಬ್ಬರೂ ಬಡಿಯುವ ಹೃದಯದ ಪ್ರತಿಧ್ವನಿಯನ್ನು ಮೊದಲ ಬಾರಿಗೆ ದಾಖಲಿಸಿದರು. ಕಂಪನಸಂಖ್ಯೆಯ ಮಾನಕ್ಕೆ ಹೆಸರು ಕೊಟ್ಟ ಹೈನ್‌ರಿಕ್ ಹರ್ಟ್ಸನು ಈ ಕಾರ್ಲ್ ಹರ್ಟ್ಸನ ತಂದೆಗೆ ಚಿಕ್ಕಪ್ಪ ದೊಡ್ಡಪ್ಪಂದಿರ ಸಾಲಿನವನೆಂಬುದು ಸ್ವಾರಸ್ಯದ ಸಂಗತಿ. ಎಡ್ಲರನಿಗೆ ಬೇಕಾಗಿದ್ದುದು ಒಂದು ನಿರ್ದಿಷ್ಟ ಪ್ರಶ್ನೆಗೆ ಉತ್ತರ: ಹೃದಯದ ಎಡಭಾಗದ ಮಿಟ್ರಲ್ ಕವಾಟವು ಎಷ್ಟು ಕಿರಿದಾಗಿದೆ? ಈ ಪ್ರಶ್ನೆ ನಮ್ಮ ನಾಡಿಗೆ ಎಷ್ಟು ಸಮೀಪದ್ದೆಂಬುದು ಮುಂದೆ ತಿಳಿದುಬರುವುದು.

ಹೃದಯದೊಳಕ್ಕೆ ಕೊಳವೆಯನ್ನು ಕಳುಹಿಸಬಹುದೆಂಬುದು ಅದಕ್ಕೂ ಮೊದಲೇ ಸಿದ್ಧವಾಗಿತ್ತು. ೧೯೨೯ರಲ್ಲಿ ಜರ್ಮನಿಯ ತರುಣ ವೈದ್ಯ ಫೋರ್ಸ್‌ಮನ್ ತನ್ನ ತೋಳಿನ ಅಭಿಧಮನಿಯ ಮೂಲಕ ೬೫ ಸೆಂಟಿಮೀಟರು ಉದ್ದದ ಕೊಳವೆಯನ್ನು ತನ್ನದೇ ಹೃದಯಕ್ಕೆ ಸಾಗಿಸಿ, ಕ್ಷಕಿರಣದ ಚಿತ್ರದಿಂದ ಅದನ್ನು ಸಿದ್ಧಪಡಿಸಿದನು. ೧೯೫೬ರ ನೊಬೆಲ್ ಬಹುಮಾನದಲ್ಲಿ ಅವನಿಗೂ ಪಾಲು ದೊರೆಯಿತು. ಈ ಎರಡು ದಾರಿಗಳು ಕೂಡಿದುದು ೧೯೬೦ರಲ್ಲಿ. ಪೋಲೆಂಡಿನ ಚೆಶಿನ್‌ಸ್ಕಿ ಎಂಬುವನು ಹರಳನ್ನು ಕೊಳವೆಯ ತುದಿಯಲ್ಲಿಟ್ಟು ಪ್ರಾಣಿಗಳ ಹೃದಯದೊಳಗೆ ಪರೀಕ್ಷಿಸಿದನು. ಒಂದೇ ಹರಳಿನಿಂದ ಒಂದು ಗೆರೆಯ ಸುದ್ದಿ ಮಾತ್ರ ದೊರೆಯುತ್ತದೆ. ೧೯೭೨ರಲ್ಲಿ ಹಾಲೆಂಡಿನ ರಾಟರ್‌ಡ್ಯಾಮಿನಲ್ಲಿ ನಿಕೊಲಾಸ್ ಬೊಮ್ ಮತ್ತು ಅವನ ಸಂಗಡಿಗರು ಸುಮಾರು ೩ ಮಿಲಿಮೀಟರು ದಪ್ಪದ ಕೊಳವೆಯ ತುದಿಯಲ್ಲಿ ೩೨ ಹರಳುಗಳನ್ನು ಬಳೆಯಂತೆ ಜೋಡಿಸಿ, ಸುತ್ತಲಿನ ಹೃದಯದ ಗೋಡೆಗಳು ಚಲಿಸುವುದನ್ನು ಚಿತ್ರವಾಗಿ ತೋರಿಸುವ ಉಪಕರಣವನ್ನು ಪ್ರಕಟಿಸಿದರು. ಸೂಜಿಯಂಥ ಕೊಳವೆಗೆ ಅಂದು ನಿಜವಾಗಿ ಕಣ್ಣು ಬಂದಿತೆನ್ನಬೇಕು.

೩. ಇಂದಿನ ಉಪಕರಣ

ಇಂದು ಬಳಕೆಯಲ್ಲಿರುವ ಉಪಕರಣಗಳಲ್ಲಿ ಎರಡು ಬಗೆಯವನ್ನು ಮುಖ್ಯವಾಗಿ ಹೇಳಬಹುದು. ಒಂದರಲ್ಲಿ ಕೊಳವೆಯ ತುದಿಯ ಒಂದೇ ಹರಳು ಗಿರಗಿರನೆ ತಿರುಗಿ ಸುತ್ತಲಿನ ಅಡ್ಡಕೊಯ್ತದ ಚಿತ್ರವನ್ನು ಕೊಡುತ್ತದೆ. ಇದರ ಕಂಪನಸಂಖ್ಯೆ ಸುಮಾರು ೯ ಮೆಗಾಹರ್ಟ್ಸ್, ನೋಟ ಕೆಲವೇ ಸೆಂಟಿಮೀಟರು ದೂರದ್ದು. ಇನ್ನೊಂದರಲ್ಲಿ ೬೪ ಸಣ್ಣ ಹರಳುಗಳು ಕೊಳವೆಯ ಪಕ್ಕದಲ್ಲಿ ಉದ್ದಕ್ಕೆ ಸಾಲಾಗಿರುತ್ತವೆ. ಇದು ಸುಮಾರು ೫ರಿಂದ ೧೦ ಮೆಗಾಹರ್ಟ್ಸ್‌ವರೆಗೆ ಕೆಲಸಮಾಡುತ್ತದೆ. ಕೊಳವೆಯ ದಪ್ಪ ಎರಡೂವರೆಯಿಂದ ಮೂರೂವರೆ ಮಿಲಿಮೀಟರಿನ ಒಳಗೆ.

ಸಾಲಿನಲ್ಲಿರುವ ಹರಳುಗಳು ಅಲುಗದೆ ಕೂತಿದ್ದರೂ ಧ್ವನಿಯ ಕಿರಣವು ಬೀಸಣಿಗೆಯಂತೆ ಅತ್ತಿಂದಿತ್ತ ತಿರುಗುವುದು ಹೇಗೆ? ಕೆರೆಯ ಏರಿಯ ಮೇಲೆ ಹುಡುಗರು ಸಾಲಾಗಿ ನಿಂತಿದ್ದಾರೆಂದು ಊಹಿಸೋಣ. ಎಲ್ಲರೂ ಒಂದೇ ಕ್ಷಣದಲ್ಲಿ ಕಲ್ಲನ್ನು ನೀರಿಗೆ ಬಿಟ್ಟರೆ ಅಲೆಗಳು ಕೂಡಿ ನೇರವಾಗಿ ಮುಂದಕ್ಕೆ ಸಾಗುತ್ತವೆ. ಎಡಗಡೆಯವನು ಮೊದಲು, ಅವನ ಪಕ್ಕದವನು ಸ್ವಲ್ಪ ತಡೆದು, ಹೀಗೆ ಕ್ರಮವಾಗಿ ಬಿಟ್ಟರೆ ಕೂಡಿದ ಅಲೆಯ ಮುಖ ಬಲಕ್ಕೆ ವಾಲುತ್ತದೆ. ಹರಳುಗಳಿಗೆ ವಿದ್ಯುತ್ತನ್ನು ಕೊಡುವಲ್ಲಿ ಇಂಥ ತಡೆಗಳನ್ನು ಗೊತ್ತುಪಡಿಸಿ ಕಿರಣವನ್ನು ಬೇಕಾದ ಕಡೆಗೆ ತಿರುಗಿಸುತ್ತಾರೆ.

ಹತ್ತು ಸೆಂಟಿಮೀಟರು ಆಳಕ್ಕೆ ಹೋಗಿ ಬರಲು ಧ್ವನಿಗೆ ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ೧೩೦ ಭಾಗ ಸಾಕು. ನೂರು ಗೆರೆಗಳಿಂದ ಒಂದು ಚಿತ್ರವಾಗುವುದಾದರೆ ಸೆಕೆಂಡಿಗೆ ಎಪ್ಪತ್ತಕ್ಕೂ ಹೆಚ್ಚು ಚಿತ್ರಗಳು ದೊರೆಯುತ್ತವೆ. ನಿಮಿಷಕ್ಕೆ ೭೨ ಸಲ ಬಡಿಯುವ ಹೃದಯದ ಒಂದೊಂದು ಬಡಿತಕ್ಕೂ ಸುಮಾರು ಅರವತ್ತು ಚಿತ್ರಗಳಾದವು. ಕವಾಟದ ಎಸಳು ತೆರೆದು ಮುಚ್ಚುವುದನ್ನು ಕಣ್ಣೆದುರಿಗೆ ಕಾಣಲು ಇದು ಧಾರಾಳವಾಗಿ ಸಾಲುತ್ತದೆ.

ಇದಲ್ಲದೆ ೧೮೪೨ರಲ್ಲಿ ಡಾಪ್ಲರನು ತಿಳಿಸಿದ ಪರಿಣಾಮವನ್ನು ಬಳಸಿ, ಹರಿಯುವ ರಕ್ತದಿಂದ ಮರಳಿದ ಧ್ವನಿಯ ಕಂಪನಸಂಖ್ಯೆಯಲ್ಲಾದ ವ್ಯತ್ಯಾಸದಿಂದ ರಕ್ತದ ವೇಗವನ್ನು ಅಳೆಯುತ್ತಾರೆ. ಕಿರಿದಾದ ಕವಾಟದ ಎರಡು ಬದಿಗಳ ಒತ್ತಡದ ಅಂತರವು ಆ ವೇಗದ ವರ್ಗದ ನಾಲ್ಕರಷ್ಟು ಎಂಬುದೊಂದು ಸರಳ ಸೂತ್ರ. ವೇಗ ಸೆಕೆಂಡಿಗೆ ೨ ಮೀಟರಾದರೆ ಒತ್ತಡದ ಅಂತರ ಪಾದರಸದ ೧೬ ಮಿಲಿಮೀಟರು. ದ್ರವಗಳ ಚಲನೆಯನ್ನು ಕುರಿತು ಬರ್ನೂಲಿಯು ಹೇಳಿದ ಮಾತೇ ಇಲ್ಲಿಯೂ ದುಡಿಯುತ್ತಿದೆ.

೪. ಗೋಡೆಯನ್ನು ಚುಚ್ಚುವ ಕ್ಷಣ

ಈ ಉಪಕರಣದ ನಿಜವಾದ ಬೆಲೆ ತಿಳಿಯಬೇಕಾದರೆ ಒಂದು ರೋಗವನ್ನು ಎದುರಿಗಿಟ್ಟುಕೊಳ್ಳಬೇಕು. ನಮ್ಮ ದೇಶದಲ್ಲಿ ಮಿಟ್ರಲ್ ಕವಾಟ ಕಿರಿದಾಗುವುದಕ್ಕೆ ಮುಖ್ಯ ಕಾರಣ ಸಂಧಿವಾತಜ್ವರ. ಮಕ್ಕಳಿಗೆ ಬರುವ ಒಂದು ಬಗೆಯ ಗಂಟಲುಬೇನೆಗೆ ಚಿಕಿತ್ಸೆ ದೊರೆಯದೆ ಹೋದಾಗ ಕೆಲವರಲ್ಲಿ ಕೆಲವು ವಾರಗಳ ನಂತರ ಜ್ವರವೂ ಕೀಲುನೋವೂ ಕಾಣಿಸಿಕೊಳ್ಳುತ್ತವೆ. ಕೀಲುನೋವು ಮಾಯುತ್ತದೆ; ಹೃದಯದ ಕವಾಟಕ್ಕಾದ ಗಾಯ ಮಾತ್ರ ಕಲೆಗಟ್ಟಿ ಉಳಿಯುತ್ತದೆ. ಸಾಧಾರಣವಾಗಿ ೪ರಿಂದ ೬ ಚದರ ಸೆಂಟಿಮೀಟರು ತೆರೆಯುವ ಕವಾಟವು ವರ್ಷಗಳು ಕಳೆದಂತೆ ಎಸಳುಗಳು ಅಂಟಿಕೊಂಡು ಒಂದೂವರೆ ಚದರ ಸೆಂಟಿಮೀಟರಿಗೂ ಕೆಳಗಿಳಿಯಬಹುದು. ರೋಗಿಗೆ ಏದುಸಿರು ಬರುತ್ತದೆ. ಹಲವು ಹೆಂಗಸರಲ್ಲಿ ಈ ರೋಗ ಮೊದಲು ಬಯಲಾಗುವುದು ಗರ್ಭಿಣಿಯಾದಾಗ. ಆಗ ದೇಹದ ರಕ್ತದ ಪ್ರಮಾಣ ಹೆಚ್ಚುತ್ತದೆ. ಕಿರಿದಾದ ಬಾಗಿಲು ಆ ಹೊರೆಯನ್ನು ತಾಳಲಾರದೆ ಹೋಗುತ್ತದೆ.

೧೯೮೨ರಲ್ಲಿ ಜಪಾನಿನ ಇನೊಯೆ ಎಂಬ ವೈದ್ಯನು ಎದೆಯನ್ನು ಕೊಯ್ಯದೆಯೇ ಈ ಕವಾಟವನ್ನು ಬಿಡಿಸುವ ಬಲೂನಿನ ವಿಧಾನವನ್ನು ಮೊದಲಿಗೆ ಪ್ರಯೋಗಿಸಿದನು. ತೊಡೆಯ ಸಂದಿನ ಅಭಿಧಮನಿಯಿಂದ ಕೊಳವೆಯನ್ನು ಏರಿಸಿ, ಕವಾಟದ ನಡುವೆ ಬಲೂನನ್ನು ಹಿಗ್ಗಿಸಿ, ಅಂಟಿಕೊಂಡ ಎಸಳುಗಳನ್ನು ಬೇರ್ಪಡಿಸುವುದು ಇದರ ಕ್ರಮ. ಬೆಂಗಳೂರಿನ ಶ್ರೀ ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ಈ ಚಿಕಿತ್ಸೆ ದೊಡ್ಡ ಸಂಖ್ಯೆಯಲ್ಲಿ ನಡೆದುಬಂದಿದೆ.

ಆದರೆ ಅಭಿಧಮನಿಯ ದಾರಿ ಹೃದಯದ ಬಲಭಾಗಕ್ಕೆ ಒಯ್ಯುತ್ತದೆ. ಮಿಟ್ರಲ್ ಕವಾಟವಿರುವುದು ಎಡಭಾಗದಲ್ಲಿ. ಎರಡು ಹೃತ್ಕರ್ಣಗಳ ನಡುವಿನ ಗೋಡೆಯನ್ನು ಸೂಜಿಯಿಂದ ಚುಚ್ಚಿ ದಾಟಲೇಬೇಕು. ಈ ಗೋಡೆಯಲ್ಲಿ ಅಂಡಾಕಾರದ ಒಂದು ತಗ್ಗು ಇದೆ. ಗರ್ಭದಲ್ಲಿರುವಾಗ ರಕ್ತ ಬಲದಿಂದ ಎಡಕ್ಕೆ ಹರಿಯುವ ಬಾಗಿಲು ಅಲ್ಲಿತ್ತು. ಹುಟ್ಟಿದ ಮೇಲೆ ಅದು ಮುಚ್ಚಿ ತೆಳುವಾದ ಪೊರೆಯಾಗಿ ಉಳಿದಿದೆ. ಸೂಜಿ ಚುಚ್ಚಬೇಕಾದುದು ಅಲ್ಲಿಯೇ. ತುಸು ಮುಂದಕ್ಕೆ ಜಾರಿದರೆ ಮಹಾಪಧಮನಿ. ಹಿಂದಕ್ಕೆ ಜಾರಿದರೆ ಹೃದಯದ ಹೊರಗೋಡೆ. ಅದನ್ನು ತೂರಿದರೆ ರಕ್ತವು ಹೃದಯದ ಹೊರಚೀಲದಲ್ಲಿ ತುಂಬಿ ಹೃದಯವನ್ನೇ ಅದುಮಿಬಿಡುತ್ತದೆ. ಈ ಚುಚ್ಚುವಿಕೆಯನ್ನು ೧೯೫೯ರಲ್ಲಿ ಅಮೆರಿಕದ ರಾಸ್ ಮತ್ತಿತರರು ಪ್ರಕಟಿಸಿದಂದಿನಿಂದ ಬಹುಕಾಲದವರೆಗೆ ವೈದ್ಯರಿಗೆ ದಾರಿ ತೋರಿದುದು ಕ್ಷಕಿರಣದ ನೆರಳು ಮತ್ತು ಕೈಯ ಅನುಭವ. ಕ್ಷಕಿರಣದಲ್ಲಿ ಸೂಜಿ ಕಾಣುತ್ತದೆ, ಆದರೆ ಗೋಡೆ ಕಾಣುವುದಿಲ್ಲ.

ಬಲ ಹೃತ್ಕರ್ಣದಲ್ಲಿ ನಿಂತ ಶ್ರವಣಾತೀತ ಕ್ಯಾಥೆಟರಿಗೆ ಆ ಗೋಡೆ ಕೆಲವೇ ಸೆಂಟಿಮೀಟರು ದೂರ. ಸೂಜಿಯ ತುದಿ ಒತ್ತಿದಾಗ ಪೊರೆಯು ಡೇರೆಯ ಬಟ್ಟೆಯಂತೆ ಎಡಕ್ಕೆ ಉಬ್ಬುವುದು ತೆರೆಯ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಉಬ್ಬಿದ ಜಾಗ ಸರಿಯೇ ತಪ್ಪೇ ಎಂಬುದನ್ನು ಚುಚ್ಚುವ ಮೊದಲೇ ತಿಳಿಯಬಹುದು. ಹೊರಚೀಲದಲ್ಲಿ ರಕ್ತ ಸೇರತೊಡಗಿದರೆ ರಕ್ತದ ಒತ್ತಡ ಇಳಿಯುವ ಮೊದಲೇ ಅದು ಕಣ್ಣಿಗೆ ಬೀಳಬಹುದು. ರೋಗಿಗೆ ಪೂರ್ಣ ಅರಿವಳಿಕೆ ಬೇಕಿಲ್ಲ. ಗರ್ಭಿಣಿಯಾದರೆ ಕ್ಷಕಿರಣದ ಬಳಕೆಯನ್ನು ತಗ್ಗಿಸಲು ಇದು ನೆರವಾಗುತ್ತದೆ. ಹೃತ್ಕರ್ಣಗಳ ನಡುವಿನ ಹುಟ್ಟುರಂಧ್ರವನ್ನು ಮುಚ್ಚುವಾಗಲೂ, ಹೃದಯದ ತಪ್ಪುಬಡಿತವನ್ನು ಸರಿಪಡಿಸಲು ಒಳಗೋಡೆಯ ಚಿಕ್ಕ ಜಾಗಗಳನ್ನು ಶಾಖದಿಂದ ಸುಡುವಾಗಲೂ ಈ ಉಪಕರಣ ಇದೇ ರೀತಿ ದಾರಿ ತೋರುತ್ತದೆ.

೫. ಮಿತಿ ಮತ್ತು ವಿವೇಕ

ಇಷ್ಟನ್ನು ಹೇಳಿದ ಮೇಲೆ ಈ ವಿಧಾನವು ಉಳಿದವನ್ನೆಲ್ಲ ಹಿಂದೆ ಹಾಕಿತೆಂದು ವಾಚಕರು ಭಾವಿಸಬಾರದು. ಸಮೀಪದಿಂದ ಕಾಣುವವನಿಗೆ ಸಮಗ್ರವು ಕಾಣದೆಂಬುದೂ ಅದೇ ನಿಯಮದ ಇನ್ನೊಂದು ಮುಖ. ಹೃದಯದ ಒಟ್ಟು ಗಾತ್ರ, ಅದರ ಕೆಲಸದ ಬಲ, ಕವಾಟಗಳ ಪರಸ್ಪರ ಸ್ಥಿತಿ ಇವನ್ನು ಎದೆಯ ಹೊರಗಿನಿಂದ ಮಾಡುವ ಪರೀಕ್ಷೆಯೇ ಚೆನ್ನಾಗಿ ತಿಳಿಸುತ್ತದೆ. ಅದಕ್ಕೆ ಸೂಜಿಯೂ ಬೇಡ, ಕೊಳವೆಯೂ ಬೇಡ. ಎಡ ಹೃತ್ಕರ್ಣದ ಮೂಲೆಯಲ್ಲಿ ರಕ್ತ ಹೆಪ್ಪುಗಟ್ಟಿದೆಯೇ ಎಂದು ಚಿಕಿತ್ಸೆಗೆ ಮುಂಚೆ ನೋಡಲು ಅನ್ನನಾಳದೊಳಗಿನಿಂದ ಮಾಡುವ ಪರೀಕ್ಷೆ ರೂಢಿಯಲ್ಲಿದೆ. ಅನ್ನನಾಳವು ಎಡ ಹೃತ್ಕರ್ಣದ ಬೆನ್ನಿಗೇ ಹೊಂದಿಕೊಂಡಿರುವುದರಿಂದ ಅದೂ ಸಮೀಪದ ನೋಟವೇ. ಆದರೆ ಉಪಕರಣವನ್ನು ನುಂಗಿ ಬಹಳ ಹೊತ್ತು ಮಲಗಿರುವುದು ರೋಗಿಗೆ ಕಷ್ಟ. ಹೃದಯದೊಳಗಿನ ಕ್ಯಾಥೆಟರಿಗಾದರೋ ಅಭಿಧಮನಿಯಲ್ಲಿ ಇನ್ನೊಂದು ತೂತು ಬೇಕು, ನಡೆಸುವವನಿಗೆ ಬೇರೆಯ ಅಭ್ಯಾಸ ಬೇಕು, ಬೆಲೆಯೂ ಹೆಚ್ಚು. ಆದುದರಿಂದಲೇ ನಮ್ಮ ದೇಶದಲ್ಲಿ ಬಲೂನಿನ ಚಿಕಿತ್ಸೆಗಳು ಬಹುಮಟ್ಟಿಗೆ ಕ್ಷಕಿರಣ ಮತ್ತು ಹೊರಗಿನ ಪ್ರತಿಧ್ವನಿ ಪರೀಕ್ಷೆಗಳ ನೆರವಿನಿಂದಲೇ ನಡೆಯುತ್ತವೆ. ನುರಿತ ಕೈಗಳಲ್ಲಿ ಅವು ಸುರಕ್ಷಿತವಾಗಿಯೇ ನಡೆಯುತ್ತವೆ. ಗೋಡೆ ದಪ್ಪವಾಗಿದ್ದಾಗ, ಹೃತ್ಕರ್ಣ ಹಿಗ್ಗಿ ಗೋಡೆಯ ಓರೆ ಬದಲಾದಾಗ, ಬೆನ್ನುಮೂಳೆ ಡೊಂಕಾಗಿ ಹೃದಯದ ನೆಲೆ ಪಲ್ಲಟವಾದಾಗ, ರೋಗಿ ಗರ್ಭಿಣಿಯಾಗಿದ್ದಾಗ ಒಳಗಣ್ಣಿನ ನೆರವು ನಿಜವಾಗಿ ಬೆಲೆಯುಳ್ಳದ್ದು. ಯಾವ ರೋಗಿಗೆ ಎಷ್ಟು ಸಮೀಪದ ನೋಟ ಬೇಕೆಂಬುದನ್ನು ನಿರ್ಧರಿಸುವುದು ಯಂತ್ರದ ಕೆಲಸವಲ್ಲ, ವೈದ್ಯನ ಕೆಲಸ.

ಮರಳಿ ಕುಳಗಿಗೆ ಬರೋಣ. ಅಲ್ಲಿಂದ ಧಾರವಾಡ ಹುಬ್ಬಳ್ಳಿಗಳ ದೊಡ್ಡ ಆಸ್ಪತ್ರೆಗಳನ್ನು ಮುಟ್ಟಲು ೫೦ ಕಿಲೋಮೀಟರಿಗೂ ಮೀರಿದ ಕಾಡು ಗುಡ್ಡಗಳ ದಾರಿ. ಇಂಥ ಊರಿನ ಮಗುವೊಂದರ ಗಂಟಲುಬೇನೆಯನ್ನು ಹೃದಯದೊಳಗಿನ ಕ್ಯಾಥೆಟರಿನ ಬಳಿಗೆ ಒಯ್ಯುವ ದಾರಿ ಇಪ್ಪತ್ತು ಮೂವತ್ತು ವರ್ಷಗಳಷ್ಟು ಉದ್ದವಾಗಿರಬಹುದು. ಆ ದಾರಿಯನ್ನು ಮೊದಲಲ್ಲೇ ಕಡಿದುಹಾಕುವ ಸಾಧನ ಬಹು ಅಗ್ಗದ್ದು: ಗಂಟಲುಬೇನೆಗೆ ಸಕಾಲದಲ್ಲಿ ಪೆನಿಸಿಲಿನ್, ಒಮ್ಮೆ ಸಂಧಿವಾತಜ್ವರ ಬಂದವರಿಗೆ ಮೂರು ನಾಲ್ಕು ವಾರಗಳಿಗೊಮ್ಮೆ ಬಹುವರ್ಷ ತಪ್ಪದೆ ಅದೇ ಔಷಧದ ಚುಚ್ಚುಮದ್ದು. ಅದನ್ನು ಕೊಡುವ ದಾದಿಯೂ, ಎದೆಗೆ ಸ್ಟೆತಾಸ್ಕೋಪನ್ನಿಟ್ಟು ಆಲಿಸುವ ಊರಿನ ವೈದ್ಯನೂ ರೋಗಿಗೆ ಸಮೀಪದಲ್ಲಿ ಇರತಕ್ಕವರು. ಸೂಕ್ಷ್ಮವಾಗಿ ಕಾಣಬೇಕಾದರೆ ಸಮೀಪಕ್ಕೆ ಹೋಗಬೇಕೆಂಬ ನಿಯಮವನ್ನು ನಾವು ಅಲೆಗಳ ವಿಷಯವಾಗಿ ಹೇಳಿದೆವು. ಅದನ್ನು ಅಲೆಗಳಿಗೆ ಮಾತ್ರ ಸೀಮಿತಗೊಳಿಸಬೇಕಾದ ಕಾರಣ ನಮಗೆ ಕಾಣುವುದಿಲ್ಲ.